ನೆಲಕ್ಕೆ ಚುಚ್ಚಿದ ಮುಳ್ಳು

ಅಕ್ಕ ಬಾವಿಯೊಳಗೆ ಇದ್ದಾಗಲೇ ನೆಲ ಬಾಯಿ ಮುಚ್ಚಿಕೊಂಡಿತು.

ಭೂಮಿ ಬಿಟ್ಟು ಈ ಲೋಕಕ್ಕೆ ಬಂದ ಹೊಸದರಲ್ಲೇ ಇಲ್ಲಿನ ನೆಲಕ್ಕೆ ಜೀವವಿದೆ ಎಂದು ನಮಗೆ ಗೊತ್ತಾಗಿತ್ತು. ತೋಡಿದರೆ ಗಾಯ ಮಾಯುವ ಹಾಗೆ ಕೂಡಿಕೊಳ್ಳುತ್ತಿತ್ತು. ನಮ್ಮವರು ಬಿಟ್ಟಾರೆಯೇ? ಕಾದ ಸಲಾಕೆ ಇಟ್ಟರೆ ನೆಲ ಹಿಂದೆ ಸರಿಯುತ್ತದೆ, ಆಗ ಮತ್ತೆ ಮುಚ್ಚದಂತೆ ಕಬ್ಬಿಣದ ಬಳೆ ಕೂರಿಸಿದರಾಯಿತು ಎಂದು ಕಂಡುಕೊಂಡರು. ನಮ್ಮ ಬೀದಿಯ ಮನೆಗಳೆಲ್ಲ ಹೀಗೆ ಸುಟ್ಟು ಹೂತ ಕಂಬಗಳ ಮೇಲೆಯೇ ನಿಂತಿದ್ದವು. ನೆಲಕ್ಕೆ ನೋವಾಗುತ್ತದೋ ಎಂದು ಕೇಳುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಅಕ್ಕ ಪಂಪು ರಿಪೇರಿಯವಳು. ಭಾವ ಬಾವಿ ತೋಡುವ ಮೇಸ್ತ್ರಿ. ಬಾವಿಯ ಬಳೆಯೊಂದು ಸಡಿಲವಾಗಿದೆ, ಇಳಿಯಬೇಡ ಎಂದು ಭಾವ ಬಡಕೊಂಡರೂ ಅಕ್ಕ ಇಳಿದಿದ್ದಳು. ಅವಳು ಯಾರ ಮಾತು ಕೇಳಿದವಳು? ಈಗ ಅವಳಿಗೂ ನಮಗೂ ನಡುವೆ ಉಳಿದಿದ್ದು ಉಸಿರಾಟದ ಉಕ್ಕಿನ ಕೊಳವೆಯೊಂದೇ. ಅದಕ್ಕೆ ಗಾಳಿ ಒತ್ತುವ ಕೆಲಸ ನನ್ನದು.

"ಅಕ್ಕಾ, ಕೇಳಿಸ್ತಿದ್ಯಾ?" ಕೊಳವೆಗೆ ಬಾಯಿಟ್ಟು ಕೂಗಿದೆ.

"ಕೇಳಿಸ್ತಿದೆ ಕಣೇ. ಎದೆ ತನಕ ಹಿಡ್ಕೊಂಡಿದೆ. ನಿನ್ನ ಭಾವ ಕೂಡ ಇಷ್ಟು ಬಿಗಿಯಾಗಿ ಯಾವತ್ತೂ ಹಿಡ್ಕೊಂಡಿಲ್ಲ."

ಭಾವ ನಗಲಿಲ್ಲ. ಕೆಂಪಗೆ ಕಾದ ಸಲಾಕೆ ತಂದು ನೆಲಕ್ಕೆ ಒತ್ತಿದರು. ಚುರ್ ಎಂದಿತು. ಮುಚ್ಚಿದ ಬಾಯಿ ಗೇಣಗಲ ತೆರೆಯಿತು. "ಬಿಡ್ತು, ಬಿಡ್ತು!" ಎಂದು ಸುತ್ತಲಿನವರು ಕೂಗಿದರು. ಆದರೆ ಕೊಳವೆಯಲ್ಲಿ ಅಕ್ಕ ಚೀರಿದ್ದು ನನಗೆ ಮಾತ್ರ ಕೇಳಿಸಿತು. ಆಮೇಲೆ ಬರೀ ಸಣ್ಣ ಉಸಿರು.

"ನಿಲ್ಸಿ ಭಾವ! ಮೇಲೆ ಬಿಟ್ಟು ಕೆಳಗೆ ಹಿಂಡ್ತಿದೆ!"

"ಇನ್ನೊಂದು ಸಲ ಇಟ್ರೆ ಪೂರ್ತಿ ಬಿಡತ್ತೆ. ಸರಿ ಆ ಕಡೆ!"

ಇಷ್ಟು ದಿನ ಸುಟ್ಟದ್ದೆಲ್ಲ ಜನರಿಲ್ಲದ ಗುಂಡಿಗಳನ್ನು. ಆಳದಲ್ಲಿ ಏನಾಗುತ್ತದೆಂದು ಯಾರು ಕಂಡಿದ್ದರು? ಆಗ ನನಗೆ ಹಿಂದೆ ಅಕ್ಕನ ಕೈಜಾರಿ ಗುಂಡಿಗಳಿಗೆ ಬಿದ್ದಿದ್ದ ಎರಡು ಸ್ಪ್ಯಾನರುಗಳ ನೆನಪಾಯಿತು. ಸುಡದೆ ಬಿಟ್ಟ ಗುಂಡಿಗೆ ಬಿದ್ದದ್ದನ್ನು ನೆಲವೇ ನೆಟ್ಟಗೆ ಹೊರಗೆ ದೂಡಿತ್ತು. ಸುಟ್ಟ ಗುಂಡಿಗೆ ಬಿದ್ದದ್ದು ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು ಬಂದಿತ್ತು. ಸಾಮಾನು ವಾಪಸ್ ಕೊಡುವುದರಲ್ಲಿ ಈ ನೆಲ ನಮ್ಮ ಸ್ಟೋರಿನವನಿಗಿಂತ ವಾಸಿ ಎಂದು ಅಕ್ಕನೇ ಅವತ್ತು ನಗಾಡಿದ್ದಳು.

ನಾನು ಬಾವಿಯ ಬಾಯಿಗೆ ಅಡ್ಡಲಾಗಿ ಮಲಗಿಬಿಟ್ಟೆ.

"ಸುಡೋದಿದ್ರೆ ನನ್ನ ಸುಡಿ."

"ಅವಳು ನನ್ನ ಹೆಂಡ್ತಿ ಕಣೇ!"

"ನನಗೇನು ದಾರೀಲಿ ಸಿಕ್ಕಿದವಳಾ? ಮುಳ್ಳು ಚುಚ್ಚಿದ ಜಾಗ ಹಿಂಡಬಾರ್ದು ಭಾವ. ಸುಮ್ನೆ ಬಿಟ್ರೆ ಮೈಯೇ ಹೊರಗೆ ಹಾಕತ್ತೆ."

ಸಲಾಕೆಯ ಕಾವು ನನ್ನ ಕೆನ್ನೆಗೆ ತಾಗುತ್ತಿತ್ತು. ನನ್ನ ಲೆಕ್ಕ ತಪ್ಪಿದರೆ ಅಕ್ಕನನ್ನು ಕೊಂದವಳು ನಾನೇ ಆಗುತ್ತಿದ್ದೆ. ಭಾವ ಸಲಾಕೆಯನ್ನು ಬಕೆಟ್ಟಿನ ನೀರಿಗೆ ಎಸೆದು ಕುಸಿದು ಕೂತರು. ನೆಲ ಅದುರದಿರಲೆಂದು ಬೀದಿಯ ಯಂತ್ರಗಳನ್ನೆಲ್ಲ ನಿಲ್ಲಿಸಿದರು. ನಾನು ಒಂದು ಕೈಯಲ್ಲಿ ಗಾಳಿ ಒತ್ತುತ್ತ, ಕೊಳವೆಗೆ ಕಿವಿಯಿಟ್ಟು ಅವಳ ಉಸಿರು ಕಾಯುತ್ತ ಅಲ್ಲೇ ಮಲಗಿದ್ದೆ. ಒಂದೊಂದು ಸಲ ಅದು ಬರಲು ತಡವಾಗುತ್ತಿತ್ತು.

ಎಷ್ಟೋ ಹೊತ್ತಿನ ಮೇಲೆ ನನ್ನ ಕೆಳಗಿನ ನೆಲ ಮೆತ್ತಗಾಗಿ ಉಬ್ಬಿತು. ನಾನು ಪಕ್ಕಕ್ಕೆ ಉರುಳಿದೆ. ಮೊದಲು ಅಕ್ಕನ ತಲೆ, ಆಮೇಲೆ ಹೆಗಲು, ಕೊನೆಗೆ ಬೂಟಿಲ್ಲದ ಕಾಲು. ಭಾವ ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತರು.

"ಪಂಪು ಅಲ್ಲೇ ಉಳೀತಲ್ಲ," ಎಂದಳು ಅಕ್ಕ.

ಪಂಪೂ ಬಂತು. ಅದರ ಹಿಂದೆಯೇ ಬಳೆಗಳು ಒಂದೊಂದಾಗಿ ಹೊರಬಿದ್ದವು. ನಾವು ಅಳುತ್ತಲೇ ನಕ್ಕೆವು. ಅಷ್ಟರಲ್ಲಿ ಬೆನ್ನ ಹಿಂದೆ ಕಿರ್ರೆಂದಿತು. ನಮ್ಮ ಮನೆಯ ಮೂಲೆಗಂಬ ಮೊಳದುದ್ದ ಮೇಲೆದ್ದಿತ್ತು. ಪಕ್ಕದ ಮನೆಯದ್ದೂ ಏಳುತ್ತಿತ್ತು.

ಯಾರೋ ಓಡಿ ಬಂದು, ಕಂಬದ ಬುಡ ಸುಡಿ ಎನ್ನುತ್ತ ಇನ್ನೊಂದು ಕಾದ ಸಲಾಕೆಯನ್ನು ಭಾವನ ಮುಂದೆ ಹಿಡಿದರು. ಭಾವ ಅದನ್ನು ನೋಡಿದರು, ಅಕ್ಕನ ಮೈಮೇಲಿನ ಬಾಸುಂಡೆಗಳನ್ನು ನೋಡಿದರು.

"ಬೇಡ," ಎಂದರು. "ಮಕ್ಕಳನ್ನ ಮನೆಯಿಂದ ಆಚೆ ಕರೀರಿ."