ಮನಸೋಲುವ ಮೂಲೆ

"ಕಾಲಿನ ಕಡೆ ಮೇಲೆತ್ರೋ! ತಲೆ ಕಡೆ ಇಳಿಸಿ, ಇನ್ನೂ ಇಳಿಸಿ... ಅಯ್ಯೋ, ಗೋಡೆಗೆ ತಾಗಿಸ್ಬೇಡ್ರೋ ಪುಣ್ಯಾತ್ಮನ್ನ!"

ಜಿಲಾಲಿ ಬೊಬ್ಬೆ ಹೊಡೆಯುತ್ತಿದ್ದ. ಅಂಗಳದಿಂದ ಬೀದಿಗೆ ಹೋಗುವ ದಾರಿ ಎರಡು ಕಡೆ ತಿರುಗುತ್ತಿತ್ತು. ಬೀದಿಯವರ ಕಣ್ಣು ಮನೆಯ ಹೆಂಗಸರ ಮೇಲೆ ಬೀಳಬಾರದೆಂದು ಹಿಂದಿನವರು ಕಟ್ಟಿದ ಬಗೆ ಅದು. ಅಲ್ಲಾಲನನ್ನು ಮಲಗಿಸಿದ್ದ ಜನಾಜಾ ಎರಡನೆಯ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಫೆಸ್ ಊರಿನ ಹಳೆಯ ಪೇಟೆಯಲ್ಲಿ ನಲವತ್ತು ವರ್ಷ ಮನೆ ದಲ್ಲಾಳಿಯಾಗಿದ್ದವನು, ಯಾವ ಬಾಗಿಲಲ್ಲಿ ಯಾವ ಮಂಚ ತೂರುತ್ತದೆಂದು ಕಣ್ಣಳತೆಯಲ್ಲೇ ಹೇಳುತ್ತಿದ್ದವನು, ಈಗ ತಾನು ಬಾಡಿಗೆಗಿದ್ದ ಮನೆಯಿಂದ ಹೊರಬೀಳಲು ತಿಣುಕುತ್ತಿದ್ದ.

ಮಹಡಿಯ ಕಟಕಟೆ ಹಿಡಿದು ನಿಂತಿದ್ದ ಯಾಮ್ನಾಗೆ ಒಂದು ಗಳಿಗೆ, ಹಾಗೇ ಸಿಕ್ಕಿಕೊಂಡೇ ಇರಲಿ ಅನ್ನಿಸಿತು. ಹೆಂಗಸರು ಕಬರಸ್ತಾನಕ್ಕೆ ಹೋಗುವ ಪದ್ಧತಿಯಿಲ್ಲ. ಗಂಡನನ್ನು ಕಳಿಸಿಕೊಡಬೇಕಾದದ್ದು ಇಲ್ಲಿಂದಲೇ. ಅಷ್ಟರಲ್ಲಿ ಯಾರೋ ಉಪಾಯವಾಗಿ ಓರೆ ಮಾಡಿದರು. ಕಲಿಮಾ ಹೇಳುವ ದನಿಗಳು ಬೀದಿಯುದ್ದಕ್ಕೂ ಇಳಿದುಹೋದವು.

ಪಕ್ಕದಲ್ಲಿದ್ದ ತಾಮು ಮೂಗೊರೆಸಿಕೊಂಡಳು. ಮೂವತ್ತು ವರ್ಷ ಇದೇ ಮನೆಯ ಕೆಳಗಿನ ಕೋಣೆಯಲ್ಲಿ ಬಾಡಿಗೆಗಿದ್ದವಳು. ಮನೆ ಮಾರಾಟವಾದ ಮೇಲೆ ಉಳಿದ ಬಾಡಿಗೆಯವರಂತೆ ಅವಳೂ ಕೊಟ್ಟಷ್ಟು ಇಸಕೊಂಡು ಹಿಂದಿನ ಬೀದಿಗೆ ಹೋಗಿ ಎರಡು ತಿಂಗಳಾಗಿತ್ತು.

"ಅಕ್ಕಾ, ಸಂಜೆ ಮನೆ ಕೊಂಡ ಆ ಬೆಲ್ಜಿಯಂನೋಳು ಮಾತಾಡಿಸೋಕೆ ಬರ್ತಾಳಂತೆ. ಇವತ್ತೇ ಕೇಳ್ಬಿಡು. ಸತ್ತ ಮನೇಲಿ ಯಾರಿಗೂ ಇಲ್ಲ ಅನ್ನೋಕೆ ಬಾಯಿ ಬರಲ್ಲ."

"ಏನಂತ ಕೇಳ್ಲಿ ತಾಮು? ಕೋಣೆ ಮಾತು ಆಗಿದ್ದು ಅವರ ಹೆಸರಿಗೆ. ಅವರೇ ಹೋದ್ರಲ್ಲ."

"ಅಂದ್ರೆ? ಕೋಣೆ ಬಿಟ್ಟು ಎಲ್ಲಿ ಹೋಗ್ತೀಯ?"

ಯಾಮ್ನಾಗೆ ಮಕ್ಕಳಾಗಿರಲಿಲ್ಲ. ತವರಿನಲ್ಲಿ ಉಳಿದಿದ್ದವನು ಅಣ್ಣನ ಮಗನೊಬ್ಬನೇ. ಎದುರಿಗೆ ಸಿಕ್ಕರೂ ಅವನಿಗೆ ಇವಳ ಗುರುತು ಹತ್ತುತ್ತಿರಲಿಲ್ಲ.

*

ಅಲ್ಲಾಲನ ಕಸುಬೇ ಒಂದು ತಮಾಷೆ. ಬಿದ್ದುಹೋಗುವಂಥ ಮನೆಗಳನ್ನು ಅವನು ಮಾರುತ್ತಿದ್ದ.

"ಮನೆ ನೋಡಿ ಯಾರು ಕೊಳ್ತಾರೆ ಮಾರಾಯ್ತಿ?" ಎಂದು ಊಟಕ್ಕೆ ಕೂತಾಗ ಹೇಳುತ್ತಿದ್ದ. "ಎಷ್ಟು ಕೋಣೆ, ನಲ್ಲಿ ಎಲ್ಲಿ, ಚಾವಣಿ ಸೋರುತ್ತಾ ಅಂತ ಕೇಳ್ತಾ ಬರ್ತಾರೆ. ಆಮೇಲೆ ಯಾವುದೋ ಕೆಲಸಕ್ಕೆ ಬಾರದ ಮೂಲೇಲಿ ನಿಂತ್ಕೊಂಡು ಬಾಯಿ ಮುಚ್ಕೋತಾರೆ. ತಲೆ ಹೀಗೆ ಓರೆ ಆಗುತ್ತೆ. ಅಲ್ಲಿಗೆ ಮುಗೀತು, ಮನೆ ಹೋಯ್ತು ಅಂತ ತಿಳ್ಕೋ."

ಒಬ್ಬ ಇಂಗ್ಲಿಷಿನವನು ನಾಲ್ಕು ಅಂತಸ್ತಿನ ಮನೆ ಕೊಂಡಿದ್ದು, ಅಡುಗೆಮನೆಯ ಗೋಡೆಯಲ್ಲಿದ್ದ ಒಂದು ಕಿಂಡಿಗೆ ಮನಸೋತು. ಅಕ್ಕಪಕ್ಕದ ಹೆಂಗಸರು ಶುಕ್ರವಾರ ಕುಸ್ಕುಸ್ ತಟ್ಟೆ ದಾಟಿಸುತ್ತಿದ್ದ ಕಿಂಡಿ ಅದು. ಒಬ್ಬ ಜರ್ಮನ್ ಹೆಂಗಸು ಮರದ ವಾಸನೆಗೆ ಬಿದ್ದುಹೋದಳು. ಹಳೆಯ ದೇವದಾರಿನ ಬಾಗಿಲನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಕಾಡೇ ಒಳಗೆ ಬಂದಂತಾಗುತ್ತದೆ. ಅವಳು ಬರುವ ಕಾಲು ಗಂಟೆ ಮುಂಚೆ ಹೋಗಿ ಒರೆಸಿದವಳು ಯಾಮ್ನಾ.

ಆದರೆ ಆ ಮೂಲೆಯನ್ನು ಅಲ್ಲಾಲ್ ಬೆರಳು ಮಾಡಿ ತೋರಿಸುತ್ತಿರಲಿಲ್ಲ. "ತೋರಿಸಿದ್ರೆ ಅದು ದಲ್ಲಾಳಿದು. ಅವರೇ ಕಂಡ್ರೆ ಅವರದು." ಸರಿಯಾದ ಜಾಗಕ್ಕೆ ಬಂದಾಗ ಅವನ ಚಪ್ಪಲಿಗೆ ಹರಳು ಸೇರಿಕೊಳ್ಳುತ್ತಿತ್ತು. ಗೋಡೆಗೆ ಕೈಕೊಟ್ಟು, ಚಪ್ಪಲಿ ಬಿಚ್ಚಿ, ಕೊಡವಿ, ಇಲ್ಲದ ಹರಳನ್ನು ಬೈದು, ಮತ್ತೆ ಹಾಕಿಕೊಳ್ಳುವಷ್ಟರಲ್ಲಿ ಬಂದವರು ಅಲ್ಲೇ ನಿಂತು ಕಾಯಬೇಕಾಗುತ್ತಿತ್ತು.

ಇಷ್ಟೆಲ್ಲ ಮನೆ ಮಾರಿದವನು ತನಗೊಂದು ಕೊಳ್ಳಲಿಲ್ಲ. ಬಂದದ್ದು ಬಂದ ಹಾಗೇ ಹೋಯಿತು. ದೊಡ್ಡ ಮನೆಯೊಂದರ ಮಹಡಿಯ ಒಂದು ಕೋಣೆಯಲ್ಲಿ ಇಬ್ಬರೂ ಮುದುಕರಾದರು. ಅಂಗಳದ ಬಾವಿಯ ಪಕ್ಕದಲ್ಲಿ ಒಂದು ತಂಪು ಜಾಗವಿತ್ತು. ಊರೆಲ್ಲ ಬೇಯುವ ಜುಲೈ ತಿಂಗಳಲ್ಲೂ ಅಲ್ಲಿ ಎಲ್ಲಿಂದಲೋ ಗಾಳಿಯಾಡುತ್ತಿತ್ತು. ಚಾಪೆ ಹಾಸಿ ಮಧ್ಯಾಹ್ನ ಅಲ್ಲಿ ಮಲಗುವುದೊಂದೇ ಆ ಮನೆಯಲ್ಲಿ ಅವರಿಗಿದ್ದ ಸಿರಿವಂತಿಕೆ.

*

ಗಂಡಸರು ಮಣ್ಣು ಕೊಟ್ಟು ವಾಪಸಾದರು. ಸತ್ತ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಬೀದಿಯವರು ಕುಸ್ಕುಸ್ ಕಳಿಸಿದ್ದರು. ಜಿಲಾಲಿ ತಟ್ಟೆಯ ಮುಂದೆ ಕೂತು, ಒಂದು ತುತ್ತು ಉಂಡೆ ಕಟ್ಟಿ ಕೈಯಲ್ಲೇ ಹಿಡಿದುಕೊಂಡಿದ್ದ. ಅವನೂ ದಲ್ಲಾಳಿಯೇ, ಅಲ್ಲಾಲನ ಕೈಕೆಳಗೆ ಕಸುಬು ಕಲಿತವನು.

"ಅತ್ತಿಗೆ, ಕೋಣೆ ಮಾತಾದ ದಿನ ನಾನೂ ಅಲ್ಲೇ ಇದ್ದೆ. ನನ್ನ ಬಾಯಿಗೇನಾಗಿತ್ತೋ! ಒಂದು ಮಾತು ಸೇರಿಸಿದ್ರೆ ಆಗ್ತಿತ್ತು."

"ನೀನ್ಯಾಕೆ ಸೇರಿಸ್ತೀಯ? ಸೇರಿಸಬೇಕಾದೋರೇ ಸೇರಿಸಲಿಲ್ಲ," ಎಂದಳು ಯಾಮ್ನಾ. ಅವಳಿಗೆ ಸತ್ತವನ ಮೇಲೆ ಸಿಟ್ಟು ಉಕ್ಕಿಬಂತು. ಈಗಷ್ಟೇ ಮಣ್ಣಾದವನ ಮೇಲೆ ಆಗಲೇ ಸಿಟ್ಟೇ ಎಂದು ನಾಚಿಕೆಯೂ ಆಯಿತು.

*

ಅದು ಚಳಿಗಾಲದ ಮಾತು. ಮನೆಯ ಹನ್ನೊಂದು ಜನ ವಾರಸುದಾರರು ಒಮ್ಮತಕ್ಕೆ ಬಂದು, ಮಾರಿಬಿಡು ಎಂದು ಅಲ್ಲಾಲನಿಗೇ ಹೇಳಿದರು. ಓದಿಲ್ ಎಂಬ ಬೆಲ್ಜಿಯಂ ಹೆಂಗಸು ಅತಿಥಿಗೃಹ ಮಾಡಲು ಮನೆ ಹುಡುಕುತ್ತಿದ್ದಳು. ಬಂದಳು, ಬಿರುಕು ನೋಡಿದಳು, ಮೂಗು ಮುಚ್ಚಿಕೊಂಡಳು. ಇನ್ನೇನು ಹೊರಟಳು ಅನ್ನುವಾಗ ಬಾವಿಯ ಪಕ್ಕದಲ್ಲಿ ಅಲ್ಲಾಲನ ಚಪ್ಪಲಿಗೆ ಹರಳು ಸೇರಿಕೊಂಡಿತು.

ಮಹಡಿಯಿಂದ ನೋಡುತ್ತಿದ್ದ ಯಾಮ್ನಾ ಕಟಕಟೆಯ ಮೇಲೆ ಬಗ್ಗಿದಳು. ಬಂದವಳು ಮಾತು ನಿಲ್ಲಿಸಿದಳು. ಅಂಗೈ ಮುಂದೆ ಮಾಡಿ ಗಾಳಿಯನ್ನು ಮುಟ್ಟಿ ನೋಡಿದಳು. ತಲೆ ಓರೆಯಾಯಿತು.

ವ್ಯಾಪಾರ ಕುದುರಿದ ದಿನ ಯಾಮ್ನಾ ಗಂಡನನ್ನು ಸುಮ್ಮನೆ ಬಿಡಲಿಲ್ಲ. "ನಾವು ಮಲಗೋ ಜಾಗಾನೇ ಸಿಕ್ತಾ ನಿಮಗೆ ಮಾರೋಕೆ?"

"ನಾನು ಮಾರದಿದ್ರೆ ಇನ್ನೊಬ್ಬ ಮಾರ್ತಿದ್ದ. ಮಾರನೇ ದಿನ ನಾವು ಬೀದೀಲಿರ್ತಿದ್ವಿ. ದಲ್ಲಾಳಿ ಕಾಸು ಬೇಡ, ನಾನು ಬದುಕಿರೋವರೆಗೆ ಮಹಡಿ ಕೋಣೆ ನನಗಿರಲಿ ಅಂದೆ. ಒಪ್ಪಿದ್ಲು. ಮಾತಿಗೆ ಸಾಕ್ಷಿಯಾಗಿ ಕೈಯೆತ್ತಿ ಫಾತಿಹಾ ಓದಿದ್ವಿ. ಪಾಪ, ಅವಳೂ ನಮ್ಮ ಜೊತೆ ಅಂಗೈ ಬಿಚ್ಚಿ ಹಿಡಿದಿದ್ಲು."

"ನೀವು ಬದುಕಿರೋವರೆಗೆ. ನಾನು?"

"ನಾನು ಅಂದ್ರೆ ನೀನೂ ಸೇರಿದ್ಯಲ್ಲೇ."

"ಹಾಗಂತ ಬಾಯಿಬಿಟ್ಟು ಹೇಳಿದ್ರಾ?"

ಅಲ್ಲಾಲನಿಗೆ ರೇಗಿತು. "ವಕೀಲ ಕೂತಿದ್ದ, ಹನ್ನೊಂದು ಜನ ವಾರಸುದಾರರು ಕೂತಿದ್ರು. ಪರ ಗಂಡಸರ ಮುಂದೆ ನನ್ನ ಹೆಂಡ್ತಿ ಹೆಸರು ಎತ್ತಲಾ? ನಮ್ಮಪ್ಪ ಎತ್ತಿದ್ನಾ?" ಆಮೇಲೆ ತಣ್ಣಗಾಗಿ, "ಬಿಡು, ಬಿ.ಪಿ. ಇರೋದು ನಿನಗೆ. ನಾನು ಗುಂಡುಕಲ್ಲು. ಮೊದಲು ಹೋಗೋಳು ನೀನೇ," ಎಂದು ನಕ್ಕ.

ಅವಳಿಗೂ ನಗು ಬಂದಿತ್ತು. ಅವರಪ್ಪನ ಕಾಲದಲ್ಲಿ ಅಷ್ಟು ಮಾತು ಸಾಕಾಗುತ್ತಿತ್ತು. ಗಂಡಸು ನಾನು ಎಂದರೆ ಅವನ ಹಿಂದಿನ ಬಾಗಿಲೊಳಗೆ ಇರುವವರೆಲ್ಲ ಸೇರಿದರೆಂದು ಕೇಳಿದವರಿಗೆ ತಿಳಿಯುತ್ತಿತ್ತು.

*

ಇಳಿಹೊತ್ತಿನ ಅಸರ್ ನಮಾಜಿನ ಕೂಗು ಮುಗಿದ ಮೇಲೆ ತಾಮು ಒಂದು ಗಂಟು ತಂದು ಬಿಚ್ಚಿದಳು. ಬಿಳಿ ನಿಲುವಂಗಿ, ಬಿಳಿ ತಲೆವಸ್ತ್ರ, ಬಿಳಿ ಕಾಲುಚೀಲ. ವಿಧವೆ ನಾಲ್ಕು ತಿಂಗಳು ಹತ್ತು ದಿನ ಉಡಬೇಕಾದ ಬಟ್ಟೆ. ಹಿಂದಿನ ಬೀದಿಯ ಒಬ್ಬಳು ವಾರದ ಹಿಂದಷ್ಟೇ ಬಿಚ್ಚಿಟ್ಟದ್ದನ್ನು ಒಗೆದು ಕಳಿಸಿದ್ದಳು.

"ಅವಧಿ ಮುಗಿದ ಮೇಲೆ ವಾಪಸ್ ಕೊಟ್ರಾಯ್ತು," ಎನ್ನುತ್ತ ತಾಮು ತೊಡಿಸಿದಳು. ಭುಜದ ಹತ್ತಿರ ಸಡಿಲವಾಗಿತ್ತು. ಯಾಮ್ನಾ ಬಾವಿಯ ಪಕ್ಕದಲ್ಲಿ ಚಾಪೆಯ ಮೇಲೆ ಗೋಡೆಗೊರಗಿ ಕೂತಳು. ಬೇರೆಲ್ಲಿ ಕೂರಬೇಕೆಂದು ತೋಚಲಿಲ್ಲ.

ಓದಿಲ್ ಬಂದಳು. ಐವತ್ತು ದಾಟಿದ, ಮೆಲ್ಲಗೆ ಮಾತಾಡುವ ಹೆಂಗಸು. ಸಿಹಿತಿಂಡಿಯ ಡಬ್ಬಿ ತಂದಿದ್ದಳು. ಮಂಡಿಯೂರಿ ಕೂತು ಯಾಮ್ನಾಳ ಎರಡೂ ಕೈ ಹಿಡಿದುಕೊಂಡಳು. ಅವಳ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಕೆಟ್ಟವಳಾಗಿದ್ದರೆ ಎಷ್ಟು ಸಲೀಸಾಗಿತ್ತು ಎಂದುಕೊಂಡಳು ಯಾಮ್ನಾ.

ಜಿಲಾಲಿ ತನ್ನ ಸಂತೆ ಫ್ರೆಂಚಿನಲ್ಲಿ ವಿಷಯ ತೆಗೆದ. ಕೈ ಮೇಲೆ ಮಾಡಿ ಮಹಡಿ ತೋರಿಸಿದ, ಎದೆಯ ಮೇಲೆ ಕೈಯಿಟ್ಟುಕೊಂಡ. ಓದಿಲ್ ಕೇಳಿಸಿಕೊಂಡು ಬಹಳ ಹೊತ್ತು ಏನೋ ಹೇಳಿದಳು.

"ನಿಮ್ಮ ಪದ್ಧತಿಗೆ ಅಡ್ಡಿ ಬರಲ್ಲ ಅಂತಾಳೆ ಅತ್ತಿಗೆ. ನಾಲ್ಕು ತಿಂಗಳು ಹತ್ತು ದಿನ ಇರಬಹುದಂತೆ."

"ಆಮೇಲೆ?"

"ಮಾತು ಕೊಟ್ಟಿದ್ದು ಅಲ್ಲಾಲ್ ಅವರಿಗೆ, ಅವರಿರೋವರೆಗೆ ನಡೆಸ್ಕೊಟ್ಟೆ ಅಂತಾಳೆ. ಕೋಣೇಲಿ ಅತಿಥಿಗಳಿಗೆ ಬಚ್ಚಲುಮನೆ ಬರುತ್ತಂತೆ. ನಕ್ಷೆ ಆಗಿಹೋಗಿದೆ."

"ಇನ್ನೊಂದ್ಸಲ ಕೇಳೋ ತಮ್ಮಾ. ನಾನು ಅಡುಗೆ ಮಾಡ್ತೀನಿ, ನೆಲ ಒರೆಸ್ತೀನಿ ಅನ್ನು."

ಕೇಳಿದ. ಓದಿಲ್ ಇಲ್ಲವೆಂದು ತಲೆಯಾಡಿಸಿದಳು. ಅಡುಗೆಯವಳು ಆಗಲೇ ನೇಮಕವಾಗಿದ್ದಳು. ಯಾಮ್ನಾಳ ಕೈ ಬಿಟ್ಟು ಎದ್ದಳು, ಚೀಲ ಹೆಗಲಿಗೇರಿಸಿ ನಾಲ್ಕು ಹೆಜ್ಜೆ ನಡೆದಳು. ಇನ್ನೊಂದು ಸಮಾಧಾನದ ಮಾತಿಗೆಂದು ತಿರುಗಿದಳು.

ಆ ಮಾತು ಅವಳ ಬಾಯಲ್ಲೇ ನಿಂತಿತು.

ಅಂಗಳದ ಮೇಲಿನಿಂದ ಇಳಿಬಿಸಿಲು ಬೀಳುತ್ತಿತ್ತು. ನೀಲಿ ಹೆಂಚಿನ ಗೋಡೆ, ಬಾವಿ, ಅದರ ಪಕ್ಕದಲ್ಲಿ ಅಡಿಯಿಂದ ಮುಡಿಯವರೆಗೆ ಬಿಳಿಯುಟ್ಟು ಕೂತ ಮುದುಕಿ. ಓದಿಲ್ ಒಂದು ಹೆಜ್ಜೆ ಹಿಂದೆ ಸರಿದಳು. ಅವಳ ತಲೆ ಓರೆಯಾಯಿತು. ನಲವತ್ತು ವರ್ಷ ಆ ಓರೆಯ ಕಥೆಯನ್ನು ಗಂಡನಿಂದ ಕೇಳಿದ್ದ ಯಾಮ್ನಾಗೆ ಅದರ ಅರ್ಥ ಯಾರೂ ಹೇಳಿಕೊಡಬೇಕಿರಲಿಲ್ಲ. ಇಲ್ಲಿ ಕೂತಿರುವುದು ತಾನಲ್ಲ, ಬೇರೆ ಯಾರೋ ಅನ್ನಿಸಿತು ಅವಳಿಗೆ.

ಓದಿಲ್ ಜಿಲಾಲಿಯ ತೋಳು ಹಿಡಿದು ಗಡಿಬಿಡಿಯಲ್ಲಿ ಏನೇನೋ ಹೇಳಿದಳು. ಜಿಲಾಲಿ ನೆಲ ನೋಡುತ್ತ ನಿಂತ.

"ಏನಂದ್ಲು?"

"ಏನಿಲ್ಲ ಬಿಡಿ ಅತ್ತಿಗೆ."

"ಹೇಳೋ."

"ಇರಬಹುದಂತೆ. ಮೆಟ್ಟಿಲ ಕೆಳಗಿನ ಇದ್ದಿಲು ಕೋಣೆ ಖಾಲಿ ಮಾಡಿಸಿ ಕೊಡ್ತಾಳಂತೆ, ಊಟಾನೂ ಕೊಡ್ತಾಳಂತೆ. ಕೆಲಸ ಏನೂ ಬೇಡ. ಅತಿಥಿಗಳು ತಿಂಡಿ ತಿನ್ನೋ ಹೊತ್ತಿಗೆ ನೀವು ಇಲ್ಲಿ, ಹೀಗೇ ಕೂತಿರಬೇಕಂತೆ." ಅವನು ಬಿಳಿ ನಿಲುವಂಗಿಯತ್ತ ಕೈ ಮಾಡಿದ. "ಈ ಬಟ್ಟೇಲಿ."

"ನಾಲ್ಕು ತಿಂಗಳು ಹತ್ತು ದಿನ ಆದ್ಮೇಲೆ?"

"ಆಮೇಲೂ ಇದೇ ಬಟ್ಟೆ ಅಂತೆ. ಬಿಳೀದು ನಿಮಗೆ ಬಹಳ ಒಪ್ಪುತ್ತಂತೆ."

"ಥೂ, ಅವಳ ಮನೆ ಹಾಳಾಗ!" ತಾಮು ಸಿಡಿದಳು. "ಅದು ಗಂಡ ಸತ್ತ ಬಟ್ಟೆ ಅಂತ ಹೇಳೋ ಅವಳಿಗೆ! ಬದುಕಿರೋವರೆಗೂ ಗಂಡ ಇವತ್ತೇ ಸತ್ತ ಹಾಗೆ ಕೂತಿರ್ಬೇಕಾ ಇವಳು?"

ಜಿಲಾಲಿ ಹೇಳಲೆಂದು ಬಾಯಿ ತೆರೆದ.

"ಬೇಡ," ಎಂದಳು ಯಾಮ್ನಾ. "ಹೇಳ್ಬೇಡ. ಈ ಸಲ ನನ್ನ ಹೆಸರು ಹಿಡಿದೇ, ನಾನು ಬದುಕಿರೋವರೆಗೆ ಅಂತ ಕಾಗದದಲ್ಲಿ ಬರೆಸ್ಕೋ."

ಓದಿಲ್ ಸಂತೋಷದಿಂದ ಫೋನ್ ಹೊರತೆಗೆದು, ಒಂದು ಪಟ ತೆಗೆಯಲೇ ಎಂದು ಸನ್ನೆಯಲ್ಲಿ ಕೇಳಿದಳು. ಯಾಮ್ನಾ ಚಾಪೆಯ ಮೇಲೆ ಗೇಣುದ್ದ ಎಡಕ್ಕೆ, ಬೆಳಕು ಚೆನ್ನಾಗಿ ಬೀಳುವ ಕಡೆಗೆ ಸರಿದಳು. ಸಡಿಲವಾದ ನಿಲುವಂಗಿಯನ್ನು ಭುಜದ ಮೇಲೆ ಎಳೆದುಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತಳು.