ಲಿಖಿತಾಳ ಮುಖ ಹೊತ್ತ ತಗಡು

ತಗಡಿಗೆ ಮುಖ ಬರುವುದು ಪೇಂಟರ್ ಕೈಯಿಂದ. ನನಗೆ ಎರಡು ಸಲ ಮುಖ ಬಂತು. ಮೊದಲನೆಯದು ಟೊಮೆಟೊ ಹಣ್ಣಿನದು.

ನಮ್ಮದು ಕೋಲಾರದ ಸೀಮೆಯಲ್ಲಿ ಟೊಮೆಟೊ ಮಂಡಿ ಇರುವ ಊರು. ಬೆಳಕು ಹರಿಯುವ ಹೊತ್ತಿಗೆ ಕ್ರೇಟು ತುಂಬಿದ ಲಾರಿಗಳು ಬೈಪಾಸ್ ಮೇಲೆ ಒಂದರ ಹಿಂದೊಂದು ಓಡುತ್ತವೆ. ಪೇಂಟರ್ ಜಬೀವುಲ್ಲಾ ನನ್ನನ್ನು ದೊಡ್ಡ ಹಾಳೆಯಿಂದ ಕತ್ತರಿಸಿ, ಅಂಚಿಗೆ ಕಬ್ಬಿಣದ ಪಟ್ಟಿ ಬಡಿದು, ನಡುವೆ ಕೆಂಪಗೆ ಒಂದು ಹಣ್ಣು ಬರೆದ. ಬಿತ್ತನೆ ಬೀಜದ ಅಂಗಡಿಯ ಮುಂದೆ ಕೆಲವು ವರ್ಷ ತೂಗಾಡಿದೆ. ಅಂಗಡಿ ಮುಚ್ಚಿತು. ಮಾಲೀಕ ನನ್ನನ್ನು ಜಬೀವುಲ್ಲಾನ ಗೋಡೆಗೇ ತಂದು ಒರಗಿಸಿ ಹೋದ. ಆ ಹಣ್ಣಿನ ಕಾಲ ನನಗೆ ಸುಖದ್ದೇ ಆಗಿತ್ತು. ಅದನ್ನು ನೋಡಿ ಯಾರೂ ಅತ್ತಿರಲಿಲ್ಲ.

ಒಂದು ಮಧ್ಯಾಹ್ನ ವಿಶಾಲಾಕ್ಷಿ ಬಂದಳು. ಬೈಪಾಸ್ ಪಕ್ಕದ ಬಡಾವಣೆಯಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುವ ಹೆಂಗಸು, ಎಲ್ಲರಿಗೂ ವಿಶಾಲಕ್ಕ. ಅವಳ ಕೈಯಲ್ಲಿ ಎರಡು ಜಡೆ ಹಾಕಿದ ಹುಡುಗಿಯ ಫೋಟೊ ಇತ್ತು. ಶಾಲೆಯ ಗುರುತಿನ ಚೀಟಿಗೆ ತೆಗೆಸಿದ್ದು. ನಗಬೇಡ ಅಂದಿದ್ದರೂ ನಗು ತಡೆಯಲಾಗದೆ ತುಟಿ ಒತ್ತಿ ಹಿಡಿದಿದ್ದಳು ಆ ಹುಡುಗಿ.

“ಇದೇ ಮುಖ ಬರಬೇಕು ಜಬೀವುಲ್ಲಾ, ದೊಡ್ಡದಾಗಿ. ದೂರದಿಂದ ಬರೋ ಲಾರಿಯವನಿಗೂ ಕಾಣಬೇಕು,” ಅಂದಳು.

ಅವಳ ಜೊತೆ ಬಂದಿದ್ದ ಸಂಪಂಗಿ ಪೋಷಕರ ಸಂಘದ ಇನ್ನೊಬ್ಬ ಮುಂದಾಳು. ಅವರಿಬ್ಬರೂ ಪೇಂಟರಿಗೆ ಹೇಳಿದ ಮಾತಿನಿಂದಲೇ ನನಗೆ ಆ ಹುಡುಗಿಯ ಕಥೆ ತಿಳಿದದ್ದು.

ಅವಳ ಹೆಸರು ಲಿಖಿತಾ. ಎರಡನೇ ತರಗತಿ. ತಾಯಿ ಮುನಿರತ್ನ ಮನೆಯಲ್ಲೇ ರವಿಕೆ ಹೊಲಿಯುವವಳು, ತಂದೆ ಅಶ್ವತ್ಥ ಮಂಡಿಯಲ್ಲಿ ಲೆಕ್ಕ ಬರೆಯುವ ರೈಟರು. ಶಾಲೆಯ ಬಸ್ಸು ಬಡಾವಣೆಯ ಕಡೆಗೆ ಬರುತ್ತಿರಲಿಲ್ಲ. ಮುಂದಿನ ಸರ್ಕಲ್‌ವರೆಗೆ ಹೋಗಿ ತಿರುಗಿಸಿಕೊಂಡು ಬಂದರೆ ಡೀಸೆಲ್ ದಂಡ ಅಂತ ರಸ್ತೆಯ ಆಚೆ ಬದಿಯಲ್ಲೇ ನಿಲ್ಲುತ್ತಿತ್ತು. ಮಕ್ಕಳು ಲಾರಿಗಳ ನಡುವೆ ದಾಟಿ ಹೋಗಿ ಹತ್ತಬೇಕು. ಅವತ್ತು ಮುನಿರತ್ನ ಒಂದು ಕೈಯಲ್ಲಿ ಲಿಖಿತಾಳನ್ನೂ ಇನ್ನೊಂದರಲ್ಲಿ ಪುಟ್ಟ ಮಗ ಮನ್ವಿತ್‌ನನ್ನೂ ಹಿಡಿದು ನಿಂತಿದ್ದಳು. ಮಗು ಎಡವಿ ಬಿತ್ತು. ಎತ್ತಿಕೊಳ್ಳಲು ಅವಳು ಬಗ್ಗಿದಳು. ಆಚೆ ಬದಿಯಿಂದ ಬಸ್ಸು ಹಾರನ್ ಹೊಡೆಯಿತು, ಮತ್ತೆ ಹೊಡೆಯಿತು. ಬಿಟ್ಟು ಹೋಗುತ್ತಾರೆ ಅಂತ ಹೆದರಿ ಹುಡುಗಿ ಓಡಿದಳು. ಲಾರಿಯವನು ಬ್ರೇಕ್ ಒತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಾರನೆಯ ಬೆಳಗ್ಗೆ ವಿಶಾಲಕ್ಕ ರಸ್ತೆಯ ನಡುವೆ ಕೂತಳು. ಅವಳನ್ನು ನೋಡಿ ಒಬ್ಬೊಬ್ಬರೇ ಬಂದು ಕೂತರು. ಲಾರಿಗಳ ಸಾಲು ಮಂಡಿಯವರೆಗೂ ನಿಂತಿತು, ಪೊಲೀಸರು ಗದರಿದರು, ಅವಳು ಏಳಲಿಲ್ಲ. ಕೊನೆಗೆ ಶಾಲೆಯ ಕಾರ್ಯದರ್ಶಿ ಬೈಚೇಗೌಡರು ಮಾತಿಗೆ ಕರೆದರು. ಬಸ್ಸು ಇನ್ನು ಮುಂದೆ ಬಡಾವಣೆಯ ಬದಿಯಲ್ಲೇ ನಿಲ್ಲುತ್ತದೆ, ಮಕ್ಕಳನ್ನು ಹತ್ತಿಸಿ ಇಳಿಸಲು ಒಬ್ಬ ಆಯಮ್ಮ ಬರುತ್ತಾಳೆ, ಹಂಪ್ಸ್ ಹಾಕಿಸುವ ಜವಾಬ್ದಾರಿಯೂ ತಮ್ಮದೇ ಅಂದರು. ಅದಕ್ಕೆ ಬದಲಾಗಿ ಒಂದು ಕೇಳಿದರು: ಎಲ್ಲಿಯೂ ಬಸ್ಸಿನ ತಪ್ಪು ಅಂತ ಬರಬಾರದು. ತಾಯಿ ಕೈ ಬಿಟ್ಟಿದ್ದರಿಂದ ಹೀಗಾಯಿತು ಅನ್ನಬೇಕು. ಮಂಕು ಹಿಡಿದವನಂತೆ ಓಡಾಡುತ್ತಿದ್ದ ಅಶ್ವತ್ಥನಿಂದ ಹಾಗೆಂದು ಸಹಿ ಹಾಕಿಸಿದರು. ಮನ್ವಿತ್‌ಗೆ ಶಾಲೆಯಲ್ಲಿ ಸೀಟು ಕೊಡುತ್ತೇವೆ ಅಂತಲೂ ಹೇಳಿದರು.

“ಮುಖದ ಕೆಳಗೆ ಏನು ಬರೀಲಿ?” ಅಂತ ಕೇಳಿದ ಜಬೀವುಲ್ಲಾ.

“ಅಮ್ಮಾ, ನನ್ನ ಕೈ ಬಿಡಬೇಡ,” ಅಂದಳು ವಿಶಾಲಕ್ಕ.

ಸಂಪಂಗಿ ತಲೆ ತಗ್ಗಿಸಿದ. “ಅಕ್ಕಾ, ಮುನಿರತ್ನ ದಿನಾ ಆ ಸ್ಟಾಪಲ್ಲೇ ನಿಲ್ಲಬೇಕಲ್ಲ. ತಡಕೊಳ್ತಾಳಾ?”

“ಅವಳ ಹತ್ರ ನಾನು ಮಾತಾಡ್ತೀನಿ. ನೀನು ಬರಿಯಪ್ಪಾ.”

ಟೊಮೆಟೊ ಹಣ್ಣಿನ ಮೇಲೆ ಬಿಳಿ ಬಣ್ಣ ಬಿತ್ತು. ಅದರ ಮೇಲೆ ಲಿಖಿತಾ ಬಂದಳು. ನನ್ನನ್ನು ಬಡಾವಣೆಯ ಬಸ್ ಸ್ಟಾಪಿನಲ್ಲಿ ಕಂಬ ನೆಟ್ಟು ನಿಲ್ಲಿಸಿದರು.

ವಿಶಾಲಕ್ಕ ಮಾತಾಡಲಿಲ್ಲ. ಮೊದಲು ಧೈರ್ಯ ಬರಲಿಲ್ಲವೋ ಆಮೇಲೆ ಮರೆತಳೋ, ನನಗೆ ಗೊತ್ತಿಲ್ಲ. ಮನ್ವಿತ್ ಶಾಲೆಗೆ ಸೇರಿದ ಮೊದಲ ದಿನ ಮುನಿರತ್ನ ಅವನನ್ನು ಎತ್ತಿಕೊಂಡು ಸ್ಟಾಪಿಗೆ ಬಂದಳು. ಮಗಳು ಸತ್ತ ಮೇಲೆ ಆ ಜಾಗಕ್ಕೆ ಅವಳು ಬಂದಿರಲಿಲ್ಲ. ತಲೆ ಎತ್ತಿದಾಗ ಮೊದಲು ಕಂಡದ್ದು ನಾನು.

ಮಗಳ ಮುಖ ಕಂಡು ಅವಳ ಬಾಯಿ ಅರಳಿತು. ಆಣೆಯಿಟ್ಟು ಹೇಳುತ್ತೇನೆ, ಒಂದು ಗಳಿಗೆ ಅವಳು ನಕ್ಕಳು. ಆಮೇಲೆ ಕೆಳಗಿನ ಅಕ್ಷರ ಓದಿದಳು.

“ಇದೇನು ವಿಶಾಲಕ್ಕಾ?”

ವಿಶಾಲಕ್ಕ ತನ್ನ ಮಗ ಅಭಿನವನ ಟೈ ಸರಿಮಾಡುತ್ತಿದ್ದಳು. “ಹೇಳಬೇಕು ಅಂತಿದ್ದೆ ಮುನಿರತ್ನ. ಮನೆಗೆ ಬರ್ತೀನಿ, ಅಲ್ಲಿ ಮಾತಾಡೋಣ.”

“ಮನ್ವಿತ್ ಬಿದ್ದಿದ್ದ. ಎತ್ಕೊಳ್ಳೋಕೆ ಬಗ್ಗಿದೆ, ಅಷ್ಟೇ. ಬಸ್ಸೋನು ಹಾರನ್ ಹೊಡೆದ. ನೀವೂ ಇಲ್ಲೇ ಇದ್ರಿ. ನೀವೂ ಕೇಳಿಸ್ಕೊಂಡ್ರಿ.”

“ಕೇಳಿಸ್ಕೊಂಡೆ.”

“ಮತ್ತೆ?”

“ಅದನ್ನ ಬರೆಸಿದ್ರೆ ಬಸ್ಸು ಈ ಕಡೆಗೆ ಬರ್ತಿರಲಿಲ್ಲ.” ವಿಶಾಲಕ್ಕನ ದನಿ ಮೆತ್ತಗಿತ್ತು. “ನಿನ್ನ ಮಗಳು ಹೋದಳು. ಉಳಿದ ಮಕ್ಕಳು ಬದುಕಬೇಡ್ವೇನಮ್ಮಾ? ನಿನ್ನ ಮಗನೂ ಇಲ್ಲೇ ಹತ್ತಬೇಕು.”

ಬಸ್ಸು ಬಂತು, ಬಡಾವಣೆಯ ಬದಿಯಲ್ಲೇ, ಮುನಿರತ್ನಳ ಕಾಲಿನ ಹತ್ತಿರ ಬಂದು ನಿಂತಿತು. ಆಯಮ್ಮ ಇಳಿದು ಮಗುವನ್ನು ಎತ್ತಿಕೊಂಡಳು. ಲಿಖಿತಾ ಇದ್ದಾಗ ಒಂದು ದಿನವೂ ಹಾಗೆ ಬಂದಿರಲಿಲ್ಲ ಆ ಬಸ್ಸು.

ಅಲ್ಲಿಂದ ನಾನು ನನ್ನ ಕೆಲಸ ಮಾಡಿದೆ. ನನ್ನನ್ನು ನೋಡಿದ ಲಾರಿಯವರು ವೇಗ ತಗ್ಗಿಸಿದರು. ತಾಯಂದಿರು ಮಕ್ಕಳ ಮಣಿಕಟ್ಟು ಬಿಗಿಯಾಗಿ ಹಿಡಿದರು. ಹೊಸದಾಗಿ ಬಡಾವಣೆಗೆ ಬಂದವರು, “ಪಾಪ, ಯಾರ ಮಗು?” ಅಂತ ಕೇಳುತ್ತಿದ್ದರು. ಹಳಬರು ಕಣ್ಣಲ್ಲೇ ಮುನಿರತ್ನಳನ್ನು ತೋರಿಸುತ್ತಿದ್ದರು. ಒಬ್ಬಳು ಹಟ ಮಾಡುವ ತನ್ನ ಮಗಳನ್ನು ನನ್ನ ಕಡೆ ತಿರುಗಿಸಿ, “ನೋಡು, ಅಮ್ಮ ಕೈ ಬಿಟ್ರೆ ಹೀಗೇ ಆಗೋದು,” ಅಂದಳು. ಮುನಿರತ್ನ ಪಕ್ಕದಲ್ಲೇ ಇದ್ದಳು. ಸೆರಗು ಹೊದ್ದು, ನನಗೆ ಬೆನ್ನು ಹಾಕಿ, ಬಸ್ಸು ಬರುವ ದಿಕ್ಕನ್ನೇ ನೋಡುತ್ತಿದ್ದಳು. ಮಳೆ ಬಂದ ದಿನ ಮಾತ್ರ, ಎಲ್ಲರೂ ಅಂಗಡಿಯ ಸೂರಿಗೆ ಓಡಿದಾಗ, ಅವಳು ಸೆರಗಿನ ತುದಿಯಿಂದ ನನ್ನ ಮುಖ ಒರೆಸಿದಳು. ಅಕ್ಷರಗಳನ್ನು ಮುಟ್ಟಲಿಲ್ಲ.

ಮುಂದಿನ ವರ್ಷ ಅದೇ ಜಾಗದಲ್ಲಿ ಒಂದು ಸಮಾರಂಭ ನಡೆಯಿತು. ಶಾಮಿಯಾನ, ಕುರ್ಚಿ, ಮೈಕು. ಒಂದು ಮಗುವಿಗೂ ಪೆಟ್ಟಾಗದ ಸ್ಟಾಪು ಅಂತ ಬೈಚೇಗೌಡರು ಭಾಷಣ ಮಾಡಿ ವಿಶಾಲಕ್ಕನಿಗೆ ಶಾಲು ಹೊದಿಸಿದರು. ಅವಳ ಕಣ್ಣು ತುಂಬಿತು. ಅದು ನಾಟಕವಲ್ಲ. ಆ ಹೆಂಗಸು ಬಿಸಿಲಲ್ಲಿ ಕೂತು, ಕಚೇರಿಗಳಿಗೆ ಅಲೆದು, ಹಂಪ್ಸ್ ಹಾಕುವ ಡಾಂಬರಿನ ಗಾಡಿಯ ಮುಂದೆ ತಾನೇ ನಿಂತು ಹಾಕಿಸಿದ್ದಳು.

ನನಗೆ ಹಾರ ಹಾಕಲು ಮುನಿರತ್ನಳನ್ನು ಕರೆದರು. ಅವಳು ಹಾರ ಹಾಕಿದಳು. ಎರಡು ಮಾತಾಡಿ ಅಂತ ಯಾರೋ ಮೈಕು ಹಿಡಿದರು.

“ನನ್ನ ಮಗಳು ಓಡಿದ್ದು ಬಸ್ಸು ಆಚೆ ಕಡೆ ನಿಂತು ಹಾರನ್ ಹೊಡೀತು ಅಂತ,” ಅಂದಳು ಅವಳು. “ಇವತ್ತು ನಿಲ್ಲೋ ಕಡೆ ಅವತ್ತೇ ನಿಂತಿದ್ರೆ ಅವಳು ಇರ್ತಿದ್ದಳು. ಇದನ್ನ ಎಲ್ಲರೂ ನೋಡಿದ್ದೀರಿ. ಯಾರಾದ್ರೂ ಒಬ್ಬರು ಹೇಳಿ.”

ಮೈಕು ಸುಮ್ಮನಾಯಿತು. ಸಂಪಂಗಿ ವೈರು ಕಿತ್ತಿದ್ದ. ಅವಳು ಇನ್ನೂ ಏನೋ ಹೇಳುತ್ತಿದ್ದಳು. ತುಟಿ ಅಲ್ಲಾಡುವುದು ಮಾತ್ರ ಕಾಣಿಸಿತು. ಕುರ್ಚಿಗಳಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ತಿಂಡಿಯ ಪೊಟ್ಟಣ ಬಿಚ್ಚಿದರು.

ಮರುದಿನ ಆಯಮ್ಮ ಬರಲಿಲ್ಲ. ಬಸ್ಸು ರಸ್ತೆಯ ಆಚೆ ಬದಿಯಲ್ಲಿ ನಿಂತು ಹಾರನ್ ಹೊಡೆಯಿತು. “ನಮಗೆ ಹೇಳಿರೋದು ಹಿಂಗೇ,” ಅಂದ ಡ್ರೈವರು. ಪೋಷಕರು ಮಕ್ಕಳನ್ನು ಎಳೆದುಕೊಂಡು ದಾಟಿದರು. ವಿಶಾಲಕ್ಕ ಫೋನು ಮಾಡಿದಳು, ಶಾಲೆಗೆ ಹೋದಳು, ಗೇಟಿನ ಹೊರಗೇ ಕಾಯಿಸಿ ಕಳಿಸಿದರು. ಮತ್ತೆ ರಸ್ತೆಯಲ್ಲಿ ಕೂರೋಣ ಅಂದಳು. ಈ ಸಲ ಅವಳ ಹಿಂದೆ ಯಾರೂ ಬಂದು ಕೂರಲಿಲ್ಲ.

ಆ ವಾರವೇ ಅಭಿನವ ಅಮ್ಮನ ಕೈ ಕೊಸರಿಕೊಂಡು ಓಡಿದ. ಲಾರಿ ಕಿರುಚಿ ಅಡ್ಡ ತಿರುಗಿತು. ಕ್ರೇಟುಗಳು ಉರುಳಿ ರಸ್ತೆಯ ತುಂಬ ಹಣ್ಣು ಒಡೆಯಿತು. ಆ ಕೆಂಪಿನ ನಡುವೆ ಹುಡುಗ ಕೂತು ಅಳುತ್ತಿದ್ದ. ಅವನಿಗೆ ಏನೂ ಆಗಿರಲಿಲ್ಲ.

ವಿಶಾಲಕ್ಕ ಅವನನ್ನು ಎತ್ತಿಕೊಂಡು ನೇರ ಮುನಿರತ್ನಳ ಹತ್ತಿರ ಬಂದಳು.

“ಆಯ್ತೇನೇ? ನಿನ್ನ ಸತ್ಯ ಹೇಳ್ಕೊಂಡಿದ್ದಾಯ್ತೇನೇ? ಮೈ ತಂಪಾಯ್ತಾ?”

ಸುತ್ತ ಜನ ಸೇರಿದರು. “ಇವಳ ಮಗು ಹೋಯ್ತು ಅಂತ ನಮ್ಮವೂ ಹೋಗಬೇಕಾ?” ಅಂದಳು ಒಬ್ಬಳು. “ಹೊಟ್ಟೆಕಿಚ್ಚು,” ಅಂದ ಇನ್ನೊಬ್ಬ. ಅಶ್ವತ್ಥ ಗುಂಪಿನ ಅಂಚಿನಲ್ಲಿ ಸೈಕಲ್ ಹಿಡಿದು ನಿಂತಿದ್ದ. ಹೆಂಡತಿ ಅವನ ಕಡೆ ನೋಡಿದಳು. ಅವನು ಸೈಕಲ್ಲಿನ ಬೆಲ್ಲನ್ನು ಹೆಬ್ಬೆರಳಿನಿಂದ ಉಜ್ಜುತ್ತ ನಿಂತ.

ಮುನಿರತ್ನ ರಸ್ತೆಯ ಮೇಲಿನ ಹಣ್ಣಿನ ರಸ ನೋಡಿದಳು. ಆಮೇಲೆ ಕೇಳಿದಳು, “ನಾನೇನು ಮಾಡ್ಬೇಕು ಹೇಳಿ.”

ಮರುದಿನ ಬೈಚೇಗೌಡರು ಕಾರಿನಲ್ಲಿ ಬಂದರು. ಮುನಿರತ್ನಳನ್ನು ನನ್ನ ಕೆಳಗೆ, ನನ್ನ ಅಕ್ಷರಗಳು ತಲೆಯ ಮೇಲೆ ಕಾಣುವ ಹಾಗೆ ನಿಲ್ಲಿಸಿದರು. ಸಂಪಂಗಿ ವಿಡಿಯೊ ತೆಗೆಯಲು ಫೋನು ಹಿಡಿದ.

“ತಪ್ಪು ನಂದೇ,” ಅಂದಳು ಅವಳು. “ಬಸ್ಸಿಂದೇನೂ ತಪ್ಪಿಲ್ಲ. ಮಗು ಕೈ ಬಿಟ್ಟಿದ್ದು ನಾನೇ.”

“ಗಾಡಿ ಸದ್ದಲ್ಲಿ ಕೇಳಿಸಲಿಲ್ಲಮ್ಮ,” ಅಂದರು ಬೈಚೇಗೌಡರು. “ಇನ್ನೊಂದು ಸಲ, ಜೋರಾಗಿ.”

ಅವಳು ಇನ್ನೊಂದು ಸಲ ಹೇಳಿದಳು. ಈ ಸಲ ರಸ್ತೆಯಾಚೆಯ ಟೀ ಅಂಗಡಿಯವರೂ ತಿರುಗಿ ನೋಡಿದರು.

ಅದರ ಮಾರನೆಯ ದಿನ ಬಸ್ಸು ಬಡಾವಣೆಯ ಬದಿಗೆ ಬಂತು. ಆಯಮ್ಮ ಇಳಿದಳು. ಮಕ್ಕಳು ಹತ್ತಿದ ಮೇಲೆ ವಿಶಾಲಕ್ಕ ಮುನಿರತ್ನಳ ಎರಡೂ ಕೈ ಹಿಡಿದುಕೊಂಡಳು. “ನಿಂದು ದೊಡ್ಡ ಮನಸ್ಸು ಕಣೇ. ನಿನ್ನೆ ನನಗೆ ನಿದ್ದೆ ಬರಲಿಲ್ಲ.”

ಮುನಿರತ್ನ ಮೆಲ್ಲಗೆ ಕೈ ಬಿಡಿಸಿಕೊಂಡಳು. “ಹೊಲಿಗೆ ಬಾಕಿ ಇದೆ ಅಕ್ಕಾ,” ಅಂದು ನಡೆದಳು. ಆಮೇಲೆ ಅವಳು ಆ ಸ್ಟಾಪಿನಲ್ಲಿ ಯಾರ ಜೊತೆಗೂ ಮಾತಾಡಿದ್ದು ನಾನು ಕಾಣೆ.

ವರ್ಷಗಳು ಹೋದವು. ಆ ಸ್ಟಾಪಿನಲ್ಲಿ ಮತ್ತೊಂದು ಮಗುವಿಗೆ ಪೆಟ್ಟಾಗಲಿಲ್ಲ. ಊರಿನ ಬೇರೆ ಬಡಾವಣೆಯವರು ಬಂದು ವಿಶಾಲಕ್ಕನ ಸಲಹೆ ಕೇಳಿದರು. ಅಲ್ಲೂ ಬಸ್ಸುಗಳು ಸರಿಯಾದ ಬದಿಗೆ ಬಂದವು. ರಸ್ತೆ ಅಗಲ ಮಾಡಿದಾಗ ನನ್ನನ್ನು ಕಿತ್ತರು. ಪುರಸಭೆಯವರು ತಮ್ಮದಲ್ಲ ಅಂದರು, ಸಂಘದವರು ಜಾಗವಿಲ್ಲ ಅಂದರು. ಶಾಲೆಯ ಬಸ್ಸಿನ ಶೆಡ್ಡಿಗೆ ತಂದು ಹಾಕಿದರು. ಈಗ ಸೋರುವ ಇಂಜಿನ್ನಿನ ಕೆಳಗೆ ನಾನು ಅಂಗಾತ ಮಲಗಿದ್ದೇನೆ. ಎಣ್ಣೆ ಹನಿಹನಿಯಾಗಿ ಲಿಖಿತಾಳ ಹಣೆಯ ಮೇಲೆ ಬೀಳುತ್ತದೆ. ಒಂದು ಜಡೆಯ ತುದಿ ಬಿಟ್ಟರೆ ಉಳಿದದ್ದೆಲ್ಲ ಕಪ್ಪಾಗಿದೆ. ನಾನು ಮಕ್ಕಳನ್ನು ಕಾದೆ, ಅದು ಸುಳ್ಳಲ್ಲ. ಒಬ್ಬ ತಾಯಿಯ ತಲೆಯ ಮೇಲೆ ಇಷ್ಟು ವರ್ಷ ಸುಳ್ಳು ಹೇಳುತ್ತ ನಿಂತೆ, ಅದೂ ಸುಳ್ಳಲ್ಲ. ಎರಡನ್ನೂ ಒಂದೇ ಮೈಮೇಲೆ ಹೊತ್ತುಕೊಂಡಿರುವುದು ಹೇಗೆ ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಶೆಡ್ಡಿನ ಗೋಡೆಯ ಆಚೆಗೇ ಶಾಲೆಯ ಸಭಾಂಗಣ. ಪ್ರತಿ ಜೂನ್‌ನಲ್ಲಿ ಹೊಸ ಪೋಷಕರ ಸಭೆ ನಡೆಯುತ್ತದೆ. ಸುರಕ್ಷತೆಯ ಪಾಠ ಅಂತ ಬೈಚೇಗೌಡರು ಪರದೆಯ ಮೇಲೆ ಆ ವಿಡಿಯೊ ಹಾಕಿಸುತ್ತಾರೆ. ಮುನಿರತ್ನಳ ದನಿ ನನಗೆ ಗೋಡೆಯಾಚೆಯಿಂದ ಕೇಳುತ್ತದೆ.

ಈ ವರ್ಷ ಕುರ್ಚಿ ಹಾಕಲು ಹತ್ತನೇ ತರಗತಿಯವರನ್ನು ಕರೆದಿದ್ದರು. ವಿಡಿಯೊ ಮುಗಿದ ಮೇಲೆ ಇಬ್ಬರು ಹುಡುಗರು ಶೆಡ್ಡಿನ ನೆರಳಿಗೆ ಬಂದು ನಿಂತರು. ಒಬ್ಬ ಮನ್ವಿತ್. ಎತ್ತರವಾಗಿದ್ದಾನೆ, ಮೀಸೆ ಚಿಗುರುತ್ತಿದೆ.

“ಲೋ, ಆ ವಿಡಿಯೊದಲ್ಲಿ ಇದ್ದಿದ್ದು ನಿಮ್ಮಮ್ಮ ಅಲ್ವೇನೋ?” ಅಂತ ಕೇಳಿದ ಇನ್ನೊಬ್ಬ.

ಮನ್ವಿತ್ ಷೂವಿಗೆ ಹತ್ತಿದ ಎಣ್ಣೆಯನ್ನು ನನ್ನ ಅಂಚಿಗೆ ಉಜ್ಜಿ ತೆಗೆಯುತ್ತಿದ್ದ. ತಲೆ ಎತ್ತಲಿಲ್ಲ.

“ಅಲ್ಲ,” ಅಂದ. “ಯಾರೋ.”