ಭೀಮಣ್ಣನವರ ಅಂಗೈ

ಭೀಮಣ್ಣನವರು ಯಾವ ಯಂತ್ರವನ್ನೂ ಅದರ ಮಾಪಕದ ಮುಳ್ಳು ನೋಡಿ ನಂಬಿದವರಲ್ಲ. ಮಾರ್ಕೆಟ್ ಯಾರ್ಡಿನಲ್ಲಿ ಮೂವತ್ತು ವರ್ಷ ಜೋಳದ ವ್ಯಾಪಾರ ಮಾಡಿದ ಅವರು ಮೂಟೆಯೊಳಗೆ ಮೊಣಕೈವರೆಗೆ ಕೈ ತೂರಿಸಿ, ಒಳಗಿನ ಕಾವಿನಿಂದಲೇ ಕಾಳು ಕೆಡುತ್ತಿದೆಯೋ ಇಲ್ಲವೋ ಹೇಳುತ್ತಿದ್ದರು. ಆ ಅಭ್ಯಾಸ ಎಷ್ಟು ಮೈಗೂಡಿತ್ತೆಂದರೆ, ಈ ಮರಾಠಿ ಊರಿನ ಬಿಬವೇವಾಡಿ ಬಡಾವಣೆಯ ನಮ್ಮ ಕಟ್ಟಡದ ಲಿಫ್ಟ್ ಏರುವ ಮುನ್ನವೂ ಅದರ ಬಾಗಿಲಿಗೊಮ್ಮೆ ಅಂಗೈ ಇಡುತ್ತಿದ್ದರು. ಎಡಕ್ಕೆ ವಾಲಿದ ನಡಿಗೆ, ಗುಂಡಿ ಕಳೆದುಕೊಂಡ ಕಂದು ಕೋಟು, ಮಾತಿಗೊಮ್ಮೆ "ತಡೀರಿ, ಮುಟ್ಟಿ ನೋಡೂಣು." ಹಿಡಿದದ್ದನ್ನು ಬಿಡುವ ಜಾಯಮಾನವೇ ಅಲ್ಲ.

ಕಳೆದ ಡಿಸೆಂಬರಿನಲ್ಲಿ ಆ ಹಟವೆಲ್ಲ, ಅದುವರೆಗೆ ಬಳಸುವ ಪ್ರಮೇಯವೇ ಬಾರದಿದ್ದ ಕಾರಿನ ಹೀಟರಿನ ಮೇಲೆ ತಿರುಗಿತು. ಅವರ ಹೆಂಡತಿ ಮಾನಮ್ಮನವರಿಗೆ ವಾರಕ್ಕೆ ಮೂರು ಸಲ ಕ್ಯಾಂಪ್ ಪ್ರದೇಶದ ಆಸ್ಪತ್ರೆಯಲ್ಲಿ ಡಯಾಲಿಸಿಸ್. ನಸುಕಿನ ಐದೂವರೆಗೆ ಹೊರಡಬೇಕು. ರಕ್ತ ಬತ್ತಿದ ಆ ಜೀವಕ್ಕೆ ಎರಡು ಶಾಲು ಹೊದ್ದರೂ ನಡುಕ. ಹೀಟರೋ, ನಿಂತಾಗ ತುಸು ಬಿಸಿ ಊದುವುದು, ಗಾಡಿ ಓಡತೊಡಗಿದರೆ ತಣ್ಣನೆಯ ಗಾಳಿ. ಒಂದು ದಿನ ಆಕೆ ಖಡಾಖಂಡಿತ ಹೇಳಿಬಿಟ್ಟರು: "ಈ ಥಂಡ್ಯಾಗ ನನಗ ಆಗಂಗಿಲ್ರಿ. ನಾಳಿಂದ ನಾ ಬರಂಗಿಲ್ಲ."

ಅಂದು ಭೀಮಣ್ಣನವರ ಮುಖ ನೋಡಲಾಗಲಿಲ್ಲ. ಗಾಡಿ ರಿಪೇರಿ ಮಾಡುವ ಗ್ಯಾರೇಜಿನ ವಿಕ್ರಮನಿಗೆ ಸರಿಯಾಗಿ ಬೈದರು, ಹೀಟರ್ ಕೆಡಿಸಿದವನು ಅವನೇ ಎಂದು. ಮರುದಿನ ಮುಂಜಾನೆ ನೆರೆಯವನಾದ ನನ್ನನ್ನು ಸ್ಟೇರಿಂಗಿಗೆ ಕೂರಿಸಿ, ಬಾನೆಟ್ ಎತ್ತಿ, ತಾವೇ ಪರೀಕ್ಷೆಗೆ ನಿಂತರು. ಎಂಜಿನ್ ತಂಪಾಗಿಡುವ ನೀರು, ಕೂಲಂಟು, ಭರ್ತಿ ಇತ್ತು. ಫ್ಯಾನು ತಿರುಗುತ್ತಿತ್ತು. ಹೀಟರಿಗೆ ಹೋಗುವ ಎರಡೂ ಪೈಪುಗಳನ್ನು ಮುಟ್ಟಿದರು, ಎಲ್ಲಿಯೂ ಕಟ್ಟಿಕೊಂಡಿರಲಿಲ್ಲ. ಕೊನೆಗೆ ರೇಡಿಯೇಟರಿನ ಮೇಲಿನ ಪೈಪಿಗೆ ಅಂಗೈ ಇಟ್ಟರು. ಎಂಜಿನ್ ಕಾಯುವತನಕ ತಣ್ಣಗಿರಬೇಕಾದ ಪೈಪು, ಚಾಲೂ ಮಾಡಿದ ಎರಡೇ ನಿಮಿಷಕ್ಕೆ ಉಗುರುಬೆಚ್ಚಗಾಗಿತ್ತು. ಅವರು ಕೈ ತೆಗೆಯಲಿಲ್ಲ.

"ಏನಾತ್ರಿ?" ಎಂದೆ.

"ವಾಲ್ವ್ ಇಲ್ರಿ ಅದಕ್ಕ. ನಾನs ತೆಗಿಸೀನಿ."

ಎಂಜಿನ್ ಬಿಸಿಯಾಗುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಪುಟ್ಟ ಕವಾಟವದು. ಅದನ್ನು ಕಿತ್ತರೆ ಊರ ಕಡೆ ಹೋದಾಗ ವಿಜಯಪುರದ ಬಿಸಿಲಲ್ಲೂ ಗಾಡಿ ಕಾಯುವುದಿಲ್ಲವೆಂಬುದು ಯಾರ್ಡಿನ ವರ್ತಕರ ಅಚಲ ನಂಬಿಕೆ; ಆರು ವರ್ಷದ ಹಿಂದೆ ಭೀಮಣ್ಣನವರು ತಮ್ಮದನ್ನು ಕೀಳಿಸಿದ್ದಷ್ಟೇ ಅಲ್ಲ, ಅರ್ಧ ಯಾರ್ಡಿಗೆ ಅದೇ ಉಪದೇಶ ಕೊಟ್ಟಿದ್ದರು. ಕವಾಟವಿಲ್ಲದ ಎಂಜಿನ್ ಓಡುವಾಗ ಬಿಸಿಯೇರುವುದಿಲ್ಲ. ಎಂಜಿನ್ನಿನ ಬಿಸಿ ನೀರಿನಿಂದಲೇ ಕಾಯುವ ಹೀಟರಿಗೆ ಕಾವು ಎಲ್ಲಿಂದ ಬರಬೇಕು?

ಆ ಕ್ಷಣ ಬಾನೆಟ್ ಮುಚ್ಚಿ ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅವರು ನೇರ ಮಹಡಿ ಹತ್ತಿ, ಮಾನಮ್ಮನವರ ಎದುರು ನಿಂತು, "ಇಷ್ಟು ದಿನ ನಿನ್ನ ನಡುಗಿಸಿದಾಂವ ನಾನs" ಎಂದರು. ಗ್ಯಾರೇಜಿಗೆ ಹೋಗಿ, ತಪ್ಪು ತಮ್ಮದೇ ಎಂದು ಮರಾಠಿಯಲ್ಲಿ ವಿಕ್ರಮನಿಗೆ ಕೈ ಮುಗಿದು, ಹೊಸ ಕವಾಟ ಹಾಕಿಸಿದರು. ಆಮೇಲೆ ಯಾರ್ಡಿನಲ್ಲಿ ಅಂಗಡಿಯಿಂದ ಅಂಗಡಿಗೆ ನಡೆದು, "ನಾ ಹೇಳಿದ್ದು ತಪ್ಪದ, ಹಾಕಿಸ್ಕೋರಿ" ಎಂದು ತಮ್ಮ ಉಪದೇಶವನ್ನು ತಾವೇ ಹಿಂದಕ್ಕೆ ಪಡೆದರು. ನಕ್ಕವರೂ ಉಂಟು.

ಮುಂದಿನ ಸರದಿಯ ದಿನ ನಾನೂ ಜೊತೆಗಿದ್ದೆ. ಆಸ್ಪತ್ರೆಯ ಗೇಟು ಬಂದಾಗ ಮಾನಮ್ಮ ಶಾಲು ಸರಿಸಿ, "ಇನ್ನೂ ಹೊತ್ತದರೀ, ಒಂದು ಸುತ್ತು ಹಾಕ್ರಿ. ಭಾಳ ಬೆಚ್ಚಗದ" ಎಂದರು. ಭೀಮಣ್ಣನವರು ಗಾಡಿ ತಿರುಗಿಸಿದರು.

ಹಟಮಾರಿಗಳೊಡನೆ ಬಾಳುವುದು ಕಷ್ಟವೆಂದು ನಾನೂ ಹೇಳುತ್ತಿದ್ದವನೇ. ಆದರೆ ದೋಷವನ್ನು ಬೆನ್ನಟ್ಟಿ ಹೋಗಿ, ಅದು ತನ್ನ ಮನೆಯ ಬಾಗಿಲಿಗೇ ಬಂದು ನಿಂತಾಗಲೂ ಹಿಂದೆಗೆಯದೆ ಆ ಬಾಗಿಲು ತಟ್ಟುವ ಹಟಮಾರಿಗಳು ಕೆಲವರಿದ್ದಾರೆ; ಜೊತೆಗಿರುವವರು ಬೆಚ್ಚಗಿರುವುದು ಅಂಥವರಿಂದಲೇ.